ಒಂಬತ್ತನೇ ಪ್ರಶ್ನೆ

ಕೋಟಿನ ಆರು ಗುಂಡಿಗಳನ್ನು ಹಾಕಿಕೊಳ್ಳಲು ಅವಳಿಗೆ ಹನ್ನೊಂದು ಸೆಕೆಂಡು ಹಿಡಿಯಿತು. ಗಡಿಯಾರ ನೋಡುತ್ತಲೇ ಹಾಕಿಕೊಂಡದ್ದರಿಂದ ಒಂದೆರಡು ಸೆಕೆಂಡು ಹೆಚ್ಚೇ ಆಗಿರಬೇಕು ಎಂದು ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡಳು. ಇಷ್ಟು ವರ್ಷ ಗುಂಡಿ ಹಾಕಿಕೊಂಡವಳು ಅದಕ್ಕೂ ಹೊತ್ತು ಹಿಡಿಯುತ್ತದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಈಗ ಮೂರು ದಿನದಿಂದ, ಅಂದರೆ ಆ ನೋಟೀಸು ಮೇಜಿನ ಮೇಲೆ ಬಂದು ಕೂತಂದಿನಿಂದ, ಚಪ್ಪಲಿಯ ಪಟ್ಟಿ ಬಿಗಿಯುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ, ಬಾಗಿಲಿಗೆ ಬೀಗ ಹಾಕುವಾಗಲೆಲ್ಲ ಒಳಗೆ ಯಾರೋ ಎಣಿಸುತ್ತಿದ್ದರು. ನೋಟೀಸಿನಲ್ಲಿ ಇದ್ದದ್ದು ಎರಡೇ ಸಾಲು. ಅರವತ್ತೇಳು ವರ್ಷದ ಒಬ್ಬ ದರ್ಜಿಯ ಮೇಲ್ಮನವಿ ವಿಚಾರಣೆ, ಬೆಳಿಗ್ಗೆ ಹನ್ನೊಂದಕ್ಕೆ. ಮನೆಗೆ ಹೋಗಿ ನೋಡಿ ಬಂದಿದ್ದ ಪರಿಶೀಲಕಿಯು ಖುದ್ದು ಹಾಜರಿರತಕ್ಕದ್ದು. ಇಪ್ಪತ್ತೆರಡು ವರ್ಷ ಕಲ್ಯಾಣ ಕಚೇರಿಯಲ್ಲಿ ಕೆಲಸ ಮಾಡಿದವಳಿಗೆ ‘ಇರತಕ್ಕದ್ದು’ ಎಂಬುದು ಹೊಸ ಮಾತೇನಲ್ಲ, ಅವಳೇ ಸಾವಿರ ಸಲ ಟೈಪು ಮಾಡಿದ ಮಾತು. ತನ್ನ ಕಡೆ ತಿರುಗಿದಾಗ ಮಾತ್ರ ಅದರ ಕೈಯಲ್ಲಿ ಬೆತ್ತ ಇರುವುದು ಕಂಡಿತು.

‘ಇವತ್ತು ಯಾರ ಮನೆಗೆ ಹೋಗಿ ಟಿಕ್ಕು ಹಾಕ್ತೀಯ?’ ಎಂದು ಅಮ್ಮ ಒಳಗಿನಿಂದ ಕೇಳಿದಳು.

‘ಯಾರ ಮನೆಗೂ ಇಲ್ಲಮ್ಮ. ಇವತ್ತು ನಂಗೇ ಹಾಕ್ತಾರೆ. ನೀನು ಎದ್ದೆಯಾ? ಮಂಡಿ ಹೇಗಿದೆ?’

‘ನಾನು ಚೆನ್ನಾಗಿದೀನಿ.’

ಎಂಬತ್ತೊಂದು ವರ್ಷದ ಅಮ್ಮ ಹಾಸಿಗೆಯಿಂದ ಏಳಲು ಗೋಡೆ, ಕುರ್ಚಿ, ಕಿಟಕಿ ಮೂರನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ. ಆದರೆ ಯಾರಾದರೂ ‘ಹೇಗಿದೀರಿ’ ಎಂದರೆ, ಕೇಳಿದವರು ಮಗಳಾಗಲಿ ಹಾಲಿನವನಾಗಲಿ, ‘ಚೆನ್ನಾಗಿದೀನಿ’ ಎಂಬುದು ಗಂಟೆ ಹೊಡೆದ ಹಾಗೆ ಹೊರಬೀಳುತ್ತದೆ. ಆ ಮಾತಿಗೆ ಅಮ್ಮ ಒಮ್ಮೆ ಭಾರೀ ಬೆಲೆ ತೆತ್ತಿದ್ದಳು. ಅಪ್ಪ ಕಾರ್ಖಾನೆಯ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಕಷ್ಟದಲ್ಲಿರುವ ಮನೆಗಳನ್ನು ನೋಡಿ ಹೋಗಲು ಅವರ ಓಣಿಗೆ ಪರಿಹಾರದ ಇಲಾಖೆಯಿಂದ ಒಬ್ಬ ಸಾಹೇಬರು ಬರುತ್ತಾರೆ ಎಂದು ಸುದ್ದಿಯಾಯಿತು. ಅಮ್ಮ ಎರಡು ದಿನ ನೆಲ ತಿಕ್ಕಿದಳು. ಅಪ್ಪನಿಗೆ ಮುಖ ಕ್ಷೌರ ಮಾಡಿ, ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದಳು. ಬಂದವರು ನಿಂತೇ ಇರಬೇಕಾಗುತ್ತದಲ್ಲ ಎಂದು ಮೂಲೆಮನೆಯವರಿಂದ ನಾಲ್ಕು ಕುರ್ಚಿ ಕಡ ತರಿಸಿದಳು. ಅವುಗಳಲ್ಲೊಂದನ್ನು ತಲೆಯ ಮೇಲೆ ಹೊತ್ತು ತಂದದ್ದು ಮಗಳೇ, ಆಗಿನ್ನೂ ಎರಡು ಜಡೆಯ ಹುಡುಗಿ. ಸಾಹೇಬರು ಒಂದು ಕುರ್ಚಿಯಲ್ಲಿ ಕೂತು, ಉಳಿದ ಮೂರನ್ನು ನೋಡಿ, ‘ನಾಲ್ಕು ಕುರ್ಚಿ ಇದೆ’ ಎಂದು ಬರೆದುಕೊಂಡರು. ಅವರು ಹೊಸ್ತಿಲು ದಾಟಿದ್ದೇ ತಡ, ಕುರ್ಚಿಗಳು ಹಿಂಬಾಗಿಲಿನಿಂದ ಹೊರಟು ಪಕ್ಕದ ಮನೆಗೆ ಹೋದವು, ಅಲ್ಲಿಂದ ಅದರಾಚೆಯ ಮನೆಗೆ. ಅವತ್ತು ಇಡೀ ಓಣಿಯಲ್ಲಿ ಮನೆಗೆ ನಾಲ್ಕರಂತೆ ಕುರ್ಚಿಗಳಿದ್ದವು, ಮತ್ತು ಒಂದು ಮನೆಗೂ ಪರಿಹಾರ ಸಿಗಲಿಲ್ಲ. ಅಮ್ಮ ಇವತ್ತಿಗೂ ಆ ಕತೆಯನ್ನು ನಗುತ್ತಲೇ ಹೇಳುತ್ತಾಳೆ. ‘ಆದ್ರೂ ಆ ಮನುಷ್ಯ ನಮ್ಮನೇಲಿ ನಿಂತ್ಕೊಂಡು ಹೋಗ್ಲಿಲ್ಲ ಬಿಡು’ ಎಂದು ಮುಗಿಸುತ್ತಾಳೆ, ಗೆದ್ದವಳ ಹಾಗೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಫೈಲನ್ನು ಮತ್ತೆ ಬಿಚ್ಚಿದಳು. ನಮೂನೆಯಲ್ಲಿ ಇಪ್ಪತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಹೌದು, ಇಲ್ಲ ಎಂಬ ಎರಡು ಚೌಕ. ತಾನಾಗಿ ಎದ್ದು ನಿಲ್ಲಬಲ್ಲರೇ? ಲೋಟ ಹಿಡಿಯಬಲ್ಲರೇ? ಹನ್ನೆರಡಕ್ಕಿಂತ ಹೆಚ್ಚು ‘ಹೌದು’ ಬಂದರೆ ಮನೆಗೆ ಬಂದು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಲು ಕಚೇರಿ ಕಳಿಸುವ ಸಹಾಯಕಿ ಬರುವುದು ನಿಂತುಹೋಗುತ್ತದೆ. ದರ್ಜಿಗೆ ಹದಿಮೂರು ಬಂದಿತ್ತು. ಐದು ತಿಂಗಳ ಹಿಂದೆ ಅವಳು ಹೋದಾಗ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕೊರಳಿನವರೆಗೆ ಗುಂಡಿ ಹಾಕಿಕೊಂಡು, ಮುಚ್ಚಿಟ್ಟ ಹೊಲಿಗೆ ಯಂತ್ರಕ್ಕೆ ಒಂದು ಕೈ ಊರಿ ನಿಂತಿದ್ದ. ನಿಂತಿದ್ದ, ಆದ್ದರಿಂದ ಮೊದಲನೆಯದು ಹೌದು. ‘ಬನ್ನಿ ತಾಯಿ, ಕೂತ್ಕೊಳ್ಳಿ, ದೂರದಿಂದ ಬಂದಿದೀರ’ ಎಂದ. ಒಂಬತ್ತನೇ ಪ್ರಶ್ನೆಗೆ ಬಂದಾಗ, ಗುಂಡಿಗಳನ್ನು ನೀವೇ ಹಾಕಿಕೊಂಡಿರಾ ಎಂದು ಅವಳು ಕೇಳಿದ್ದಳು. ‘ಮತ್ತೆ? ನಲವತ್ತು ವರ್ಷ ಊರಿಗೆಲ್ಲ ಗುಂಡಿ ಹಚ್ಚಿದೀನಿ, ನನ್ನ ಗುಂಡಿ ಹಾಕೋಕೆ ಪಕ್ಕದ ಮನೆಯವರು ಬರ್ತಾರಾ?’ ಅವಳು ನಕ್ಕಿದ್ದಳು. ನಗುತ್ತಲೇ ಟಿಕ್ಕು ಹಾಕಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಫ್ಯಾನು ಜೋರಾಗಿ ತಿರುಗುತ್ತಿದ್ದ ಆ ತಂಪು ಕೋಣೆಯಲ್ಲಿ ಅವನ ಹಣೆಯಿಂದ ಬೆವರು ಇಳಿದು ಕೊರಳಪಟ್ಟಿ ಒದ್ದೆಯಾಗಿತ್ತು. ಅಂಗಳದಲ್ಲಿ ಓಡಿಬಂದು ನಿಂತವನ ಹಾಗೆ ಎದೆ ಏರಿಳಿಯುತ್ತಿತ್ತು. ಅದನ್ನು ಅವಳು ನೋಡಿದ್ದಳು. ನೋಡಿದ್ದಳು ಎಂಬುದೇ ತೊಂದರೆ. ನಮೂನೆಯಲ್ಲಿ ಬೆವರಿಗೆ ಚೌಕವಿರಲಿಲ್ಲ, ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಮನೆ ಬಾಕಿ ಇತ್ತು, ಮತ್ತು ಆ ಶರ್ಟು ಅವಳ ಅಪ್ಪನ ಬಾಚಿದ ತಲೆಯ ಹಾಗೆ, ಕಡ ತಂದ ಕುರ್ಚಿಯ ಹಾಗೆ ಅಲ್ಲಿತ್ತು. ಮೂಲೆಮನೆಯ ಕುರ್ಚಿ ಹೊತ್ತ ಹುಡುಗಿಗೆ ಗುರುತು ಸಿಗಬೇಕಿತ್ತು. ಸಿಕ್ಕಿತ್ತು ಕೂಡ. ಆದರೂ ಅವಳು ಆ ಸಾಹೇಬರ ಹಾಗೆಯೇ ಒಂದು ಕುರ್ಚಿಯಲ್ಲಿ ಕೂತು ಉಳಿದವನ್ನು ಬರೆದುಕೊಂಡಳು.

ಕಚೇರಿಯ ಪಡಸಾಲೆಯಲ್ಲಿ ಉದ್ದನೆಯ ಎರಡು ಬೆಂಚುಗಳು ತುಂಬಿದ್ದವು. ಕೂತವರೆಲ್ಲ ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದರು. ಕಷ್ಟ ಹೇಳಿಕೊಳ್ಳಲು ಬಂದ ಜನ ಫೋಟೋ ತೆಗೆಸಿಕೊಳ್ಳಲು ಬಂದವರ ಹಾಗೆ ಕಾಣುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡು ಹಾದು ಹೋಗುತ್ತಿದ್ದಾಗ ಮೊದಲ ಬೆಂಚಿನಿಂದ ಒಂದು ಗಂಡುದನಿಯಂಥ ಹೆಣ್ಣುದನಿ ಎದ್ದಿತು.

‘ಓಹೋ, ಟಿಕ್ಕಕ್ಕ ಬಂದ್ರು! ಜಾಗ ಬಿಡ್ರಪ್ಪ, ಕೂತ್ಕೊಳ್ಳಲಿ. ಕೂರಬಲ್ಲರೇ? ಹೌದು. ಒಂದು ಟಿಕ್ಕು ಹಾಕಿ.’

ಬೆಂಚಿನವರು ನಕ್ಕರು. ಬಾಗಿಲಲ್ಲಿ ನಿಂತ ಜವಾನಳೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತನಗೆ ಇಂಥದೊಂದು ಅಡ್ಡಹೆಸರಿದೆ ಎಂದು ಪರಿಶೀಲಕಿಗೆ ಗೊತ್ತಿತ್ತು, ಎದುರಿಗೆ ಕೇಳಿದ್ದು ಇದೇ ಮೊದಲು. ಮಾತಾಡಿದವಳು ದರ್ಜಿಯ ತಂಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಬೆಳಿಗ್ಗೆ ಆರಕ್ಕೆ ಪಾಳಿ. ಸೋಪಿನ ನೀರಿನಲ್ಲಿ ಬೆಳ್ಳಗಾದ ಬೆರಳುಗಳು. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು. ಸಹಾಯಕಿ ನಿಂತ ಮೇಲೆ ಅಣ್ಣನನ್ನು ಎಬ್ಬಿಸಿ ತೊಳೆದು ಕೂರಿಸಿ ಹೊರಡುವಷ್ಟರಲ್ಲಿ ಏಳಾಗುತ್ತದೆ. ತಡವಾಗಿ ಬಂದದ್ದಕ್ಕೆ ಎರಡು ಎಚ್ಚರಿಕೆ ಪತ್ರ ಕೈಗೆ ಬಂದಿವೆ. ಮೂರನೆಯದು ಬಂದರೆ ಕೆಲಸ ಹೋಗುತ್ತದೆ. ಕೆಲಸ ಬಿಡದಿದ್ದರೆ ಅಣ್ಣನನ್ನು ಊರಾಚೆಯ ಪಾಲನಾಗೃಹಕ್ಕೆ ಕಳಿಸಬೇಕು. ಅಲ್ಲಿ ಒಂದು ಕೋಣೆಗೆ ಎಂಟು ಮಂಚ, ಹೊಲಿಗೆ ಯಂತ್ರಕ್ಕೆ ಜಾಗವಿಲ್ಲ. ಇದೆಲ್ಲ ಮೇಲ್ಮನವಿಯಲ್ಲಿ ಬರೆದಿತ್ತು. ಎರಡು ಪುಟ, ಒಂದೂ ‘ದಯವಿಟ್ಟು’ ಇಲ್ಲ.

‘ಬೈಬೇಡ ಕಣೇ ಅವರನ್ನ, ಪಾಪ’ ಎಂದ ದರ್ಜಿ. ತೊಡೆಯ ಮೇಲೆ ಕೈ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದಿದ್ದ. ಅದೇ ಬಿಳಿ ಶರ್ಟು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ತಾಯಿ, ನಿಮ್ಮ ಕೋಟಿನ ಮೂರನೇ ಗುಂಡಿ ದಾರ ಬಿಟ್ಟಿದೆ. ಇವತ್ತೋ ನಾಳೆಯೋ ಬಿದ್ದೋಗುತ್ತೆ, ನೋಡ್ಕೊಳ್ಳಿ’ ಎಂದ.

‘ಕೇಳಿದ್ರಾ?’ ಎಂದಳು ತಂಗಿ. ‘ಬೆಳಿಗ್ಗೆಯಿಂದ ಬೇಡ್ಕೊಂಡಿದೀನಿ, ಗಡ್ಡ ಬಿಟ್ಕೊಂಡು ಬಾರೋ, ಹಳೇ ಬನೀನು ಹಾಕ್ಕೋ, ಸ್ವಲ್ಪ ಜೊಲ್ಲು ಸುರಿಸು, ಓಣೀಲಿ ಎಲ್ಲರೂ ಹಾಗೇ ಮಾಡಿ ಪಾಸಾಗಿದಾರೆ ಅಂತ. ಈ ಮನುಷ್ಯ ಇಸ್ತ್ರಿ ಕೇಳ್ತಾನೆ, ಇಸ್ತ್ರಿ!’

‘ಕಚೇರಿಗೆ ಬನೀನಲ್ಲಿ ಬರ್ತಾರೇನೇ?’

ಪರಿಶೀಲಕಿ ಫೈಲನ್ನು ಎದೆಗೆ ಅವಚಿಕೊಂಡಳು. ಗುಂಡಿಯನ್ನು ಮುಚ್ಚಿಕೊಳ್ಳಲು ಎಂದು ಎಲ್ಲರಿಗೂ ಗೊತ್ತಾಯಿತು.

ವಿಚಾರಣೆಯ ಕೋಣೆಯಲ್ಲಿ ಮೇಜಿನಾಚೆ ಇಬ್ಬರು. ಅಧ್ಯಕ್ಷರು ಬಹಳ ಸಭ್ಯರು. ಯಾರಿಗೇ ಆಗಲಿ ‘ಇಲ್ಲ’ ಎನ್ನುವ ಮೊದಲು ನೀರು ಕುಡಿಯುತ್ತೀರಾ ಎಂದು ಕೇಳುತ್ತಾರೆ. ಪಕ್ಕದಲ್ಲಿ ಸಮಿತಿಯ ಡಾಕ್ಟರು, ಚಿಕ್ಕ ವಯಸ್ಸಿನವರು, ಕಾಗದದಿಂದ ತಲೆ ಎತ್ತಿದರೆ ಕನಿಕರ ಬಂದುಬಿಡುತ್ತದೇನೋ ಎಂಬ ಹೆದರಿಕೆಯಿಂದ ತಲೆ ಎತ್ತದವರು. ಒಂದು ಪ್ರಕರಣಕ್ಕೆ ಎಂಟು ನಿಮಿಷ. ತಂಗಿ ಅಣ್ಣನ ತೋಳು ಹಿಡಿದು ಕರೆತಂದು ಕೂರಿಸುವುದರಲ್ಲೇ ಮೂರು ನಿಮಿಷ ಹೋಯಿತು. ನೀರು ಬೇಕೇ ಎಂದು ಕೇಳಲಾಯಿತು, ಬೇಡವೆನ್ನಲಾಯಿತು.

‘ನೋಡಿ’ ಎಂದರು ಅಧ್ಯಕ್ಷರು, ‘ಎಲ್ಲ ಒಂದೇ ಒಂದು ಅಂಶದ ಮೇಲೆ ನಿಂತಿದೆ. ಒಂಬತ್ತನೇ ಪ್ರಶ್ನೆ. ಗುಂಡಿ ಹಾಕ್ಕೊಳ್ತಾರೆ ಅಂತ ನಮ್ಮ ಪರಿಶೀಲಕಿ ಬರೆದಿದಾರೆ. ಅದು ತಪ್ಪು ಅಂತೀರಾ?’

ಪರಿಶೀಲಕಿ ತಂಗಿಯ ಕಡೆ ತಿರುಗಿದಳು. ತಂಗಿ ‘ಹೌದು, ತಪ್ಪು’ ಎಂದುಬಿಟ್ಟರೆ ಎಲ್ಲರಿಗೂ ಸುಲಭವಾಗುತ್ತಿತ್ತು. ನಾನೂ ಸರಿಯಾಗಿ ಗಮನಿಸಿರಲಿಲ್ಲ ಸರ್ ಎಂದು ತಾನು ಗೊಣಗಬಹುದಿತ್ತು, ಒಂದು ಸಣ್ಣ ಛೀಮಾರಿಯೊಂದಿಗೆ ಊಟದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ತಂಗಿ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ದರ್ಜಿ ಹೇಳಿದ: ‘ತಪ್ಪೇನಿಲ್ಲ ಸ್ವಾಮಿ. ಹಾಕ್ಕೊಂಡಿದ್ದೆ. ನಾನೇ.’

‘ಅಣ್ಣಾ!’

‘ಹಾಕ್ಕೊಂಡಿದ್ದೆ ಕಣೇ. ಇಲ್ಲ ಅನ್ನಲಾ?’

ಅಧ್ಯಕ್ಷರು ಎರಡೂ ಕೈ ಬಿಡಿಸಿ, ಇನ್ನು ನಾನೇನು ಮಾಡಲಿ ಎಂಬಂತೆ, ನಿಜವಾದ ದುಃಖದಿಂದಲೇ ಪೆನ್ನಿನ ಕ್ಯಾಪು ತೆಗೆದರು. ಆ ಕ್ಯಾಪು ತೆಗೆದ ಸದ್ದು ಪರಿಶೀಲಕಿಗೆ ನಲವತ್ತು ವರ್ಷದ ಹಿಂದೆ ಕೇಳಿದ ಸದ್ದೇ ಆಗಿತ್ತು. ನಾಲ್ಕು ಕುರ್ಚಿ ಇದೆ. ಅಮ್ಮ ಬಾಗಿಲ ಬಳಿ ನಿಂತು ನಗುತ್ತಿದ್ದಳು. ಅಪ್ಪ ದಿಂಬಿಗೆ ಒರಗಿ, ಸೊಂಟದ ನೋವಿಗೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಅವು ನಮ್ಮವಲ್ಲ ಎಂದು ಒಂದು ಮಾತು ಹೇಳಬೇಕಿದ್ದ ಎರಡು ಜಡೆಯ ಹುಡುಗಿಯೂ ನಗುತ್ತಿದ್ದಳು.

‘ಎಷ್ಟು ಹೊತ್ತು ಹಿಡೀತು?’ ಎಂದು ಯಾರೋ ಕೇಳಿದರು. ಎಲ್ಲರೂ ತನ್ನ ಕಡೆ ನೋಡಿದ್ದರಿಂದ ಕೇಳಿದವಳು ತಾನೇ ಎಂದು ಅವಳಿಗೆ ಗೊತ್ತಾಯಿತು.

‘ಏನಂದ್ರಿ?’ ಎಂದರು ಅಧ್ಯಕ್ಷರು.

‘ಅವತ್ತು ಗುಂಡಿ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಹಿಡೀತು ಅಂತ ನಾನು ಕೇಳ್ಲಿಲ್ಲ ಸರ್. ಕೇಳಬೇಕಿತ್ತು. ಬೆವರಿದ್ದರು. ನಾನು ನೋಡಿದೆ, ಬರೀಲಿಲ್ಲ.’

‘ಹೊತ್ತಿಗೆ ನಮೂನೇಲಿ ಜಾಗ ಇಲ್ಲವಲ್ಲ.’

‘ಇಲ್ಲ ಸರ್. ಅದಕ್ಕೇ ಈಗ ಕೇಳ್ತಿರೋದು.’

ದರ್ಜಿ ಅವಳ ಕಡೆ ತಿರುಗಿ, ಅಳತೆ ತೆಗೆಯುವವನ ಹಾಗೆ ಒಂದು ಗಳಿಗೆ ನೋಡಿದ. ಆಮೇಲೆ ತಂಗಿಗೆ, ‘ಬಿಚ್ಚು’ ಎಂದ.

‘ಏನು?’

‘ಗುಂಡಿ ಬಿಚ್ಚೇ. ಎಲ್ಲಾನೂ.’

ತಂಗಿಯ ಬೆಳ್ಳಗಾದ ಬೆರಳುಗಳು ಕೊರಳಿನಿಂದ ಹೊಟ್ಟೆಯವರೆಗೆ ಒಮ್ಮೆ ಓಡಿದವು. ಪರಿಶೀಲಕಿಯ ಒಳಗಿನ ಗಡಿಯಾರ ಏಳು ಸೆಕೆಂಡು ಎಂದಿತು. ಶರ್ಟು ಎರಡು ಬಾಗಿಲಿನ ಹಾಗೆ ತೆರೆದುಕೊಂಡಿತು. ಒಳಗಿನ ಎದೆ ಬಡಕಲಾಗಿತ್ತು. ಡಾಕ್ಟರು ಮೊದಲ ಬಾರಿಗೆ ತಲೆ ಎತ್ತಿದರು.

‘ಬೇಡ, ಬೇಡ, ಯಜಮಾನರೇ’ ಎಂದು ಅಧ್ಯಕ್ಷರು ಗಾಬರಿಯಾದರು. ‘ಇದೆಲ್ಲ ಯಾಕೆ? ನಿಮ್ಮ ಮಾತು ನಂಬ್ತೀವಿ.’

‘ನಂಬೋದು ಬೇಡ ಸ್ವಾಮಿ. ನೋಡಿ.’

ಪರಿಶೀಲಕಿ ಕೈಗಡಿಯಾರ ಬಿಚ್ಚಿ ಮೇಜಿನ ನಡುವೆ ಇಟ್ಟಳು. ಹನ್ನೊಂದು ಗಂಟೆ ಎಂಟು ನಿಮಿಷ. ‘ನಿಯಮಾವಳಿಯ ಹದಿನಾಲ್ಕನೇ ಕಲಮು ಸರ್’ ಎಂದಳು. ತನ್ನ ದನಿ ಇಷ್ಟು ತಣ್ಣಗಿರುವುದು ಅವಳಿಗೇ ಸೋಜಿಗವಾಯಿತು. ‘ಸಮಿತಿಯ ಎದುರು ಶುರುವಾದ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸತಕ್ಕದ್ದಲ್ಲ. ಟೈಪು ಮಾಡಿದ್ದು ನಾನೇ.’

ಅವನು ಮೇಲಿನ ಗುಂಡಿಯನ್ನು ಹುಡುಕಿದ. ಕೈ ಶರ್ಟಿನ ಅಂಚಿಗೆ ಹೋಗಿ, ಅಲ್ಲಿಂದ ಚಿಮ್ಮಿ ಭುಜಕ್ಕೆ ಹೋಗಿ, ಮತ್ತೆ ಬಂತು. ಬೆರಳುಗಳು ಗುಂಡಿಯನ್ನು ಹಿಡಿದವು, ಬಿಟ್ಟವು. ಎಡಗೈ ಕಾಜಾದ ತೂತನ್ನು ಹತ್ತಿರ ತಂದಿತು. ಬಲಗೈ ಅಷ್ಟರಲ್ಲಿ ಬೇರೆ ಊರಿಗೆ ಹೊರಟುಹೋಗಿತ್ತು. ‘ಈ ಕಾಜಾ ನಾನೇ ಹೊಲಿದದ್ದು’ ಎಂದ ಅವನು, ಯಾರನ್ನೂ ನೋಡದೆ. ‘ಕೈಯಲ್ಲೇ. ಆಗ ಒಂದಕ್ಕೆ ಮೂರು ನಿಮಿಷ. ಈಗಿನವರು ಮಿಷನ್ನಲ್ಲಿ ಕುಯ್ದುಬಿಡ್ತಾರೆ, ಎರಡು ಒಗೆತಕ್ಕೆ ಬಾಯಿ ಬಿಡುತ್ತೆ.’ ಆರು ನಿಮಿಷಕ್ಕೆ ಮೊದಲ ಗುಂಡಿ ಒಳಗೆ ಹೋಯಿತು. ಪರಿಶೀಲಕಿ ನೋಡಿದಳು. ಅದು ಹೋದದ್ದು ಎರಡನೆಯ ತೂತಿಗೆ. ಅವಳು ದರ್ಜಿಯ ಮುಖ ನೋಡಿದಳು. ದರ್ಜಿ ಅವಳ ಮುಖ ನೋಡಿದ. ಅವನ ಕಣ್ಣು ನಡುಗುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು. ಈ ಸಲದ ಮೌನಕ್ಕೆ ನಾಚಿಕೆಯಾಗಲಿಲ್ಲ.

ಹನ್ನೊಂದೂಕಾಲಕ್ಕೆ ಜವಾನಳು ಬಾಗಿಲಲ್ಲಿ ತಲೆ ಹಾಕಿ ಮುಂದಿನ ನಂಬರು ಕರೆಯಲೇ ಎಂದಳು. ‘ಒಂಬತ್ತನೇ ಪ್ರಶ್ನೆ ನಡೀತಿದೆ’ ಎಂದಳು ಪರಿಶೀಲಕಿ. ಮತ್ತೆ ಬಂದಾಗಲೂ ಅದನ್ನೇ ಹೇಳಿದಳು. ಮೂರನೇ ಸಲ ಜವಾನಳು ಕೇಳಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಅವಳ ಹಿಂದೆ ಬೆಂಚಿನವರು ಒಬ್ಬೊಬ್ಬರಾಗಿ ಬಂದು ನಿಂತರು, ಊರುಗೋಲು, ಗಾಲಿಕುರ್ಚಿ, ಕಂಕುಳಲ್ಲಿ ಕಾಗದದ ಚೀಲ.  ಕೋಣೆಯೊಳಗೆ ಬಟ್ಟೆಯ ಮೇಲೆ ಉಗುರು ಕೆರೆಯುವ ಸದ್ದು ಮಾತ್ರ. ಅಧ್ಯಕ್ಷರು ಕಿಟಕಿ ನೋಡಿದರು, ಫೈಲು ನೋಡಿದರು, ಕೊನೆಗೆ ಬೇರೆ ದಾರಿ ಕಾಣದೆ ದರ್ಜಿಯನ್ನು ನೋಡಿದರು. ಅವರೇ ನೀರು ಕುಡಿದರು. ದರ್ಜಿಯ ಕೊರಳಪಟ್ಟಿ ಒದ್ದೆಯಾಯಿತು, ಹಣೆಯ ಹನಿ ಮೂಗಿನ ತುದಿಯಲ್ಲಿ ತೂಗಾಡಿ ಮೇಜಿನ ಮೇಲೆ ಬಿತ್ತು. ನಾಲ್ಕನೆಯದು ಹೋಗುವಷ್ಟರಲ್ಲಿ ಡಾಕ್ಟರಿಗೆ ತಡೆಯಲಾಗಲಿಲ್ಲ. ಎದ್ದು, ಮೇಜಿನ ಮೇಲೆ ಬಾಗಿ, ಕೈ ಚಾಚಿದರು.

‘ಮುಟ್ಟಿ ಡಾಕ್ಟ್ರೇ, ಮುಟ್ಟಿ’ ಎಂದಳು ತಂಗಿ. ‘ನೀವು ಸಹಾಯ ಮಾಡಿದ್ರೆ, ಸಹಾಯ ಬೇಕು ಅಂತ ಬರೀಬೇಕಾಗುತ್ತೆ.’

ಕೈ ಗಾಳಿಯಲ್ಲಿ ನಿಂತಿತು.

‘ಮುಟ್ಟಬೇಡಿ’ ಎಂದ ದರ್ಜಿ. ‘ನನ್ನದಿನ್ನೂ ಬಾಕಿ ಇದೆ.’

ಹನ್ನೊಂದು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಐದನೆಯ ಗುಂಡಿ ಕೊನೆಯ ತೂತಿನೊಳಗೆ ಹೋಯಿತು. ಬಾಗಿಲ ಬಳಿಯಿಂದ ಒಂದು ದೊಡ್ಡ ಉಸಿರು ಬಂತು. ಅಧ್ಯಕ್ಷರು ಕೂಡ ತಮಗರಿವಿಲ್ಲದೆ ಬೆನ್ನು ಒರಗಿಸಿದರು. ‘ಆಯ್ತಲ್ಲ’ ಎಂದರು. ‘ಕಷ್ಟ ಅಂತ ಒಪ್ಪಿದೆ. ನನಗೂ ಮನುಷ್ಯತ್ವ ಇದೆ. ಆದರೆ, ಹಾಕ್ಕೊಂಡ್ರಲ್ಲ. ಅಂದರೆ ಉತ್ತರ ಹೌದು ಅಂತಲೇ...’

‘ಅಯ್ಯೋ, ತಡೀರಿ ಸ್ವಾಮಿ’ ಎಂದ ದರ್ಜಿ. ತಲೆ ಬಗ್ಗಿಸಿ ತನ್ನ ಎದೆಯನ್ನೇ ನೋಡಿಕೊಂಡ. ಶರ್ಟಿನ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಜಗ್ಗಿತ್ತು. ಕೊರಳಲ್ಲಿ ಗುಂಡಿಯಿಲ್ಲದ ಒಂದು ತೂತು, ಹೊಟ್ಟೆಯ ಮೇಲೆ ತೂತಿಲ್ಲದ ಒಂದು ಗುಂಡಿ. ‘ಒಂದು ತಪ್ಪಿಹೋಗಿದೆ. ನಲವತ್ತು ವರ್ಷದ ದರ್ಜಿ, ಹೀಗೆ ಎದ್ದು ಹೋದ್ರೆ ನೋಡಿದವರು ಏನಂತಾರೆ? ತಂಗೀ, ಬಿಚ್ಚು. ಮೊದಲಿಂದ ಹಾಕ್ತೀನಿ.’

ತಂಗಿಯ ಕೈ ಕೊರಳಿಗೆ ಹೋಯಿತು.

‘ಬೇಡ!’ ಎಂದು ಅಧ್ಯಕ್ಷರು ಕೂಗಿಯೇಬಿಟ್ಟರು. ಬಾಗಿಲಲ್ಲಿ ಯಾರೋ ನಕ್ಕರು, ಆ ನಗೆ ಪಡಸಾಲೆಯವರೆಗೂ ಹೋಯಿತು. ಅಧ್ಯಕ್ಷರ ಮುಖ ಕೆಂಪಾಯಿತು. ದನಿ ತಗ್ಗಿಸಿ ಪರಿಶೀಲಕಿಯನ್ನು ಕೇಳಿದರು: ‘ಇದಕ್ಕೆ ಏನು ಬರೀಬೇಕು ಹೇಳಿ. ಹೌದೂ ಅಲ್ಲ, ಇಲ್ಲಾನೂ ಅಲ್ಲ.’

ಅವಳು ಫೈಲಿನಿಂದ ಸ್ಕೇಲು ತೆಗೆದಳು. ‘ಹೌದು’, ‘ಇಲ್ಲ’ಗಳ ಬಲಕ್ಕೆ, ಖಾಲಿ ಅಂಚಿನಲ್ಲಿ, ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಎಳೆದಳು. ಅದರ ಮೇಲ್ತುದಿಯಲ್ಲಿ ‘ಎಷ್ಟು ಹೊತ್ತು’ ಎಂದು ಬರೆದಳು. ಒಂಬತ್ತನೇ ಪ್ರಶ್ನೆಯ ಎದುರು: ನಲವತ್ತೊಂದು ನಿಮಿಷ, ಐದು ಗುಂಡಿ, ಮುಗಿದಿಲ್ಲ. ಹಾಳೆಯನ್ನು ಅಧ್ಯಕ್ಷರ ಕಡೆ ತಳ್ಳಿದಳು.

‘ನಮೂನೆ ತಿದ್ದೋ ಅಧಿಕಾರ ನಿಮಗಿಲ್ಲ. ನಿಮ್ಮಿಂದ ವಿವರಣೆ ಕೇಳಬೇಕಾಗುತ್ತೆ, ಗೊತ್ತಲ್ಲ?’

‘ಕೇಳಿ ಸರ್. ಬರೆದುಕೊಡ್ತೀನಿ. ಅದಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಕೆಳಗೆ ಹಾಕ್ತೀನಿ.’

ಡಾಕ್ಟರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಆ ಹೊಸ ಚೌಕದ ಕೆಳಗೆ ಮೊದಲು ಸಹಿ ಹಾಕಿದರು. ಅಧ್ಯಕ್ಷರು ದರ್ಜಿಯನ್ನು ನೋಡಿದರು. ತಂಗಿಯ ಬೆರಳು ಇನ್ನೂ ಮೇಲಿನ ಗುಂಡಿಯ ಮೇಲೇ ಇತ್ತು. ಸಹಾಯಕಿಯನ್ನು ನಾಳೆಯಿಂದಲೇ ಮತ್ತೆ ದರ್ಜಿಯ ಮನೆಗೆ ಕಳಿಸತಕ್ಕದ್ದು ಎಂದು ಬರೆದು ಸಹಿ ಹಾಕಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ತಂಗಿ ಐದೂ ಗುಂಡಿ ಬಿಚ್ಚಿ ಆರನ್ನೂ ಸರಿಯಾಗಿ ಹಾಕಿ, ಅಣ್ಣನ ತೋಳು ಹಿಡಿದು ಎಬ್ಬಿಸಿದಳು. ‘ಟಿಕ್ಕಕ್ಕ’ ಎಂದಳು ಬಾಗಿಲ ಬಳಿ ನಿಂತು, ‘ಐದು ತಿಂಗಳು ತಡವಾಯ್ತು. ಅದನ್ನೂ ಬರ್ಕೊಳ್ಳಿ.’ ಪರಿಶೀಲಕಿ ಬರೆದುಕೊಂಡಳು.

ಅವಳು ಎದ್ದು ಹೋಗಬೇಕಿತ್ತು. ಅವಳ ಹಾಜರಿ ಅಷ್ಟಕ್ಕೇ ಇದ್ದದ್ದು. ಹೋಗದೆ, ಮೇಜಿನ ಮೇಲಿದ್ದ ಮುಂದಿನ ಫೈಲನ್ನು ಎಳೆದುಕೊಂಡು ನಮೂನೆಯ ಅಂಚಿಗೆ ಸ್ಕೇಲು ಇಟ್ಟು ಗೆರೆ ಎಳೆದಳು. ಅದರ ಮುಂದಿನದಕ್ಕೂ. ಬಾಗಿದಾಗ ಕೋಟಿನ ಮೂರನೇ ಗುಂಡಿ ಕಿತ್ತು, ಮೇಜಿನ ಮೇಲೆ ಉರುಳಿ, ಅಧ್ಯಕ್ಷರ ನೀರಿನ ಲೋಟಕ್ಕೆ ತಾಗಿ ನಿಂತಿತು. ಅಧ್ಯಕ್ಷರು ಅದನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ಗುಂಡಿಯನ್ನೇ ಬೆರಳಿನಿಂದ ಅವಳ ಕಡೆ ಸರಿಸಿದರು.

‘ಮುಂದಿನವರು’ ಎಂದಳು ಅವಳು ಜವಾನಳಿಗೆ.

ಬಂದವಳು ಬೆನ್ನು ಬಾಗಿದ ಹೆಂಗಸು. ನುಣ್ಣಗೆ ತಲೆ ಬಾಚಿದ್ದಳು, ಮಡಿಕೆ ಮುರಿಯದ ಬಟ್ಟೆ. ಹೊಸ್ತಿಲಲ್ಲಿ ಹಿಡಿದಿದ್ದ ಗೋಡೆಯನ್ನು ಬಿಟ್ಟು, ಯಾರಾದರೂ ಕೇಳುವ ಮೊದಲೇ, ನಗುತ್ತ, ‘ನಾನು ಚೆನ್ನಾಗಿದೀನಿ ಮೇಡಂ’ ಎಂದಳು.

‘ಗೊತ್ತಮ್ಮ’ ಎಂದಳು ಪರಿಶೀಲಕಿ, ಪೆನ್ನನ್ನು ಹೊಸ ಚೌಕದ ಮೇಲೆ ಹಿಡಿದು. ‘ಚೆನ್ನಾಗಿರೋಕೆ ಇವತ್ತು ಎಷ್ಟು ಹೊತ್ತು ಹಿಡೀತು?’